ಗಂಟಲಲ್ಲಿ ನಿಂತ ಬಿಳಿಕಾಳು

“ನಿಮಗೆಲ್ಲ ಅದು ಬರೀ ಒಂದು ಮಾತು. ಬಾಯಿಗೆ ಬಂದಾಗ ಆಡ್ತೀರಿ, ಮರೆತೂ ಬಿಡ್ತೀರಿ. ನನಗೆ ಹಾಗಲ್ಲ ಕಣ್ರವ್ವ. ನಾನು ಮದುವೆಯ ಬಿಳೀ ಮುಸುಕು ಹೊದ್ಕೊಂಡು ಈ ಮನೆ ಹೊಸ್ತಿಲು ದಾಟಿದ ದಿನ ನಮ್ಮ ನಾದಿನಿ ಪಕ್ಕಕ್ಕೆ ಕರ್ಕೊಂಡು ಹೋಗಿ ಕಿವೀಲಿ ಹೇಳಿದ್ಲು: ‘ಇವತ್ತಿಂದ ಈ ಮನೆ ಹಿರೀಕರ ಹೆಸರು ನಿನ್ನ ಬಾಯಲ್ಲಿ ಬರಬಾರದು. ಹೆಸರಷ್ಟೇ ಅಲ್ಲ, ಹೆಸರಿನ ಹಾಗೆ ಕೇಳಿಸೋ ಮಾತೂ ಬರಬಾರದು.’ ನಮ್ಮ ದೊಡ್ಡ ಭಾವನ ಹೆಸರಲ್ಲಿ, ಕುದುರೆ ಓಡಿದಾಗ ನಿಲ್ಲಿಸೋಕೆ ಕೂಗ್ತೀವಲ್ಲ, ಆ ಮಾತಿತ್ತು. ಒಂದಿನ ಕುದುರೆ ನನ್ನ ಹೊತ್ಕೊಂಡು ಓಡ್ತು. ನಾನು ‘ಮುಂದೆ ಹೋಗ್ಬೇಡಪ್ಪಾ, ಮುಂದೆ ಹೋಗ್ಬೇಡಪ್ಪಾ’ ಅಂತ ಕೂಗಿದ್ದೇ ಕೂಗಿದ್ದು. ಅದಕ್ಕೇನು ಗೊತ್ತು ನನ್ನ ಮರ್ಯಾದೆ? ಹೊಳೆವರೆಗೂ ಹೋಗಿ ನನ್ನ ನೀರಿಗೆ ಹಾಕಿ ನಿಂತ್ಕೊಳ್ತು.

“ಅದಾದ್ರೂ ಹೇಗೋ ಸಂಭಾಳಿಸ್ದೆ. ದೊಡ್ಡವರ ಹೆಸರು ಬಂದು ಕೂತಿದ್ದು ನನ್ನ ಅಡುಗೆ ಪಾತ್ರೇಲಿ. ಪಲಾವಿಗೆ ಏನೇನು ಹಾಕ್ತೀವಿ? ಮಾಂಸ, ಕ್ಯಾರೆಟ್ಟು, ಈರುಳ್ಳಿ. ಆಮೇಲೆ? ಹಾಂ, ಅದೇ. ಅದಕ್ಕೆ ನಾನು ಬಿಳಿಕಾಳು ಅಂತ ಹೆಸರಿಟ್ಟೆ. ಹೊಸತರಲ್ಲಿ ಒಂದಿನ ಇವರನ್ನ ಸಂತೆಗೆ ಕಳಿಸ್ವಾಗ ‘ಏನೂಂದ್ರೆ, ಒಂದು ಚೀಲ ಬಿಳಿಕಾಳು ತನ್ನಿ’ ಅಂದೆ. ತಂದ್ರು. ನೆಂಟರು ಬಂದು ಕೂತಿದ್ದಾರೆ, ಮಾಂಸ ಬೇಯ್ತಾ ಇದೆ, ಚೀಲದ ಬಾಯಿ ಬಿಚ್ಚಿದ್ರೆ ಉಪ್ಪು. ಇಷ್ಟೂ ಉಪ್ಪು. ನಾನು ಅಲ್ಲೇ ಒಲೆ ಮುಂದೆ ಕೂತು ಅಳೋಕೆ ಶುರು ಮಾಡ್ದೆ. ಆಗ ಹೊರಗಡೆ ದೊಡ್ಡವರು ನಾಯಿ ಹತ್ರ ಮಾತಾಡೋದು ಕೇಳಿಸ್ತು. ‘ಮೊಯ್ನೋಕ್, ಒಳಗಿರೋ ಮಗೂಗೆ ಹೇಳು. ಉಪ್ಪೂ ಬಿಳೀನೇ, ಅದೂ ಕಾಳೇ. ತಪ್ಪು ನನ್ನ ಮಗನ ತಲೇದು. ಇವತ್ತು ಮಾಂಸಕ್ಕೆ ಹಿಟ್ಟಿನ ಎಳೆ ಹಾಕ್ಲಿ. ಉಪ್ಪನ್ನ ಕುರಿಗೆ ಹಾಕೋಣ, ಅವೂ ನಮ್ಮ ನೆಂಟರೇ ತಾನೆ.’ ನಾನು ಅಳ್ತಾ ಅಳ್ತಾನೇ ನಕ್ಕುಬಿಟ್ಟೆ. ಆ ಧ್ವನಿ ಇದೆಯಲ್ಲ, ಸ್ವಲ್ಪ ಒಡಕು, ಮಾತಿಗೆ ಮುಂಚೆ ಒಂದು ಕೆಮ್ಮು. ಈಗ್ಲೂ ಬಾಗಿಲ ಹತ್ರ ಯಾರಾದ್ರೂ ಕೆಮ್ಮಿದ್ರೆ ನನ್ನ ಕೈ ತಾನಾಗೇ ಮುಸುಕಿಗೆ ಹೋಗುತ್ತೆ.”

ಊರ ಹೆಂಗಸರಿಗೆ ಹೀಗೆ ಹೇಳುವ ಸೈರಾಕಾನ್ ‘ದೊಡ್ಡವರು’ ಅನ್ನುವುದು ತನ್ನ ಮಾವನಿಗೆ. ಆತನ ಹೆಸರು ಕುರುಚ್‌ಬೆಕ್. ಈ ಬೆಟ್ಟಗಳ ಕಡೆ ಅಕ್ಕಿಗೆ ಕುರುಚ್ ಎಂದು ಹೆಸರು. ಆತ ಹುಟ್ಟಿದ ಚಳಿಗಾಲ ಅವರಪ್ಪ ಕಣಿವೆ ದಾಟಿ ಉಜ್ಗೆನ್ ಕಡೆಯಿಂದ ಒಂದು ಚೀಲ ಅಕ್ಕಿ ಕುದುರೆಯ ಮೇಲೆ ಹೇರಿಕೊಂಡು ಬಂದಿದ್ದನಂತೆ. ಬಾರ್ಲಿ ಬಿಟ್ಟರೆ ಬೇರೆ ಕಾಳಿನ ಮುಖ ನೋಡದಿದ್ದ ಮನೆ ಅದು. ಚೀಲವೂ ಮಗುವೂ ಒಂದೇ ದಿನ ಬಂದವೆಂದು ಮಗುವಿಗೆ ಆ ಹೆಸರನ್ನೇ ಇಟ್ಟರು. ಹುಟ್ಟಿದವನಿಗೆ ಅದರಿಂದ ಶುಭವೇ ಆಯಿತು. ಪೇಚಿಗೆ ಸಿಕ್ಕಿದವಳು ಎಷ್ಟೋ ವರ್ಷದ ಮೇಲೆ ಆ ಮನೆಗೆ ಸೊಸೆಯಾಗಿ ಬಂದವಳು.

ಮಾವ ಸೊಸೆ ಮುಖಕ್ಕೆ ಮುಖ ಕೊಟ್ಟು ಹರಟುವ ರೂಢಿ ಆಗ ಇರಲಿಲ್ಲ. ಕುರುಚ್‌ಬೆಕ್ ಅದಕ್ಕೊಂದು ದಾರಿ ಕಂಡುಕೊಂಡಿದ್ದ. ಕುರಿ ಕಾಯುವ ನಾಯಿಗೆ ಕುತ್ತಿಗೆಯ ಸುತ್ತ ಬಿಳಿ ಪಟ್ಟೆ ಇತ್ತು, ಅದಕ್ಕೇ ಮೊಯ್ನೋಕ್ ಎಂದು ಹೆಸರು. ಒಂದು ಸತ್ತರೆ ಅದರ ಮರಿಗೂ ಅದೇ ಹೆಸರು, ಹಾಗಾಗಿ ಆ ಮನೆಯಲ್ಲಿ ಮೊಯ್ನೋಕ್ ಎಂದೂ ಸಾಯಲಿಲ್ಲ. ಸೊಸೆಗೆ ಹೇಳಬೇಕಾದ್ದನ್ನೆಲ್ಲ ಮಾವ ನಾಯಿಗೆ ಹೇಳುತ್ತಿದ್ದ. ರೊಟ್ಟಿ ಚೆನ್ನಾಗಿ ಬೆಂದಿದೆ ಅಂತ ಹೇಳು ಮೊಯ್ನೋಕ್. ನಾಳೆ ಗಾಳಿ ಏಳುತ್ತೆ, ಬಟ್ಟೆ ಒಳಗೆ ತರೋಕೆ ಹೇಳು. ಸೊಸೆಯೂ ಕಲಿತಳು. ನೀರಿನ ಕೊಡ ತುಂಬಿಸಿ ತರುತ್ತ, ಮೊಯ್ನೋಕ್, ದೊಡ್ಡವರ ಬೂಟಿನ ಅಟ್ಟೆ ಕಿತ್ತಿದೆ, ಬಿಚ್ಚಿ ಕೊಟ್ಟರೆ ಹೊಲಿದು ಕೊಡ್ತೀನಿ ಅನ್ನುತ್ತಿದ್ದಳು. ನಾಯಿ ಇಬ್ಬರ ಮುಖವನ್ನೂ ನೋಡಿ ಬಾಲ ಅಲ್ಲಾಡಿಸುತ್ತಿತ್ತು. ತವರಿನಲ್ಲಿ ಅಪ್ಪನನ್ನು ಕಂಡವಳೇ ಅಲ್ಲ ಸೈರಾಕಾನ್; ಅವಳು ಹೊಟ್ಟೆಯಲ್ಲಿರುವಾಗಲೇ ಆತ ತೀರಿಹೋಗಿದ್ದ. ಇಪ್ಪತ್ತು ದಾಟಿದ ಮೇಲೆ ನಾಯಿಯ ಬಾಯಿಂದ ಅವಳಿಗೊಬ್ಬ ಅಪ್ಪ ಸಿಕ್ಕಿದ.

ಜಾರ್-ಬುಲಾಕ್ ಅವರ ಚಳಿಗಾಲದ ಊರು. ಬೇಸಿಗೆಗೆ ಉಚ್-ಬೆಲ್ ಎಂಬ ಎತ್ತರದ ಕಣಿವೆದಾರಿ ಹತ್ತಿ ದಾಟಿ ಕೋಕ್-ಆಲಾ ಜಾಯ್ಲೋಗೆ ಹೋಗುವುದು. ಜಾಯ್ಲೋ ಅಂದರೆ ಬೆಟ್ಟದ ಮೇಲಿನ ಹುಲ್ಲುಗಾವಲು. ಹಿಮ ಕರಗಿದ ಮೇಲೆ ಕುರಿ ಕುದುರೆ ಹೊಡೆದುಕೊಂಡು ಹೋಗಿ, ಉಣ್ಣೆಯ ಗುಡಾರ ಹಾಕಿ, ಹುಲ್ಲು ಹಳದಿಯಾಗುವವರೆಗೆ ಅಲ್ಲೇ ಸಂಸಾರ. ಕುರುಚ್‌ಬೆಕ್ ಅಲ್ಲಿಗೆ ಹೋಗದೆ ಕಳೆದ ಬೇಸಿಗೆಯೇ ಇರಲಿಲ್ಲ. ಅವನ ಹೆಂಡತಿ ತೀರಿಹೋದದ್ದೂ ಅಲ್ಲೇ, ಮಣ್ಣು ಮಾಡಿದ್ದೂ ಅಲ್ಲೇ. ಪ್ರತಿ ವರ್ಷ ಗುಡಾರ ಹಾಕುವ ಮುಂಚೆ ಕುರಿಗಳನ್ನು ಆ ಗೋರಿಯ ಪಕ್ಕದಲ್ಲಿ ಹಾಯಿಸಿಕೊಂಡು ಹೋಗುತ್ತಿದ್ದ. ನೋಡು, ಎಲ್ಲ ಬಂದಿದ್ದೀವಿ ಅಂತ ತೋರಿಸಿದ ಹಾಗೆ.

ಆಮೇಲೆ ದೇಶವೇ ಒಡೆಯಿತು. ಊರ ಕುರಿಗಳನ್ನೆಲ್ಲ ಒಟ್ಟಿಗೆ ಸಾಕುತ್ತಿದ್ದ ಕೋಲ್ಖೋಜ್ ಮುಚ್ಚಿತು, ಮನೆಮನೆಗೆ ಕುರಿ ಹಂಚಿದರು. ಕುರಿ ಬಂತು, ಕೋಲ್ಖೋಜಿನ ಲಾರಿಯಲ್ಲಿ ಬರುತ್ತಿದ್ದ ಮದ್ದು ಬರಲಿಲ್ಲ, ಉಪ್ಪೂ ಬರಲಿಲ್ಲ. ಜನ ಬೆಟ್ಟದ ಕಲ್ಲುಪ್ಪನ್ನು ಒಡೆದು ತಂದು ಕುರಿಗೂ ಹಾಕಿದರು, ತಾವೂ ತಿಂದರು. ಅಂಥ ಒಂದು ವಸಂತದಲ್ಲಿ ಮಾವ ಕುದುರೆಯಿಂದ ಬಿದ್ದು ಕಾಲು ಮುರಿದುಕೊಂಡ. ಆ ಬೇಸಿಗೆ ಮಗ ಶಾರ್ಶೆನ್ ಒಬ್ಬನೇ ಕುರಿ ಹೊಡೆದುಕೊಂಡು ಕೋಕ್-ಆಲಾಗೆ ಹೋದ. ಮಾವ ಕೆಳಗೇ ಉಳಿದ, ನೋಡಿಕೊಳ್ಳಲು ಸೈರಾಕಾನ್ ಉಳಿದಳು. ದಿನವಿಡೀ ಮಾವ ಹಿತ್ತಲ ಗೋಡೆಗೆ ಒರಗಿ ಕೂತು ಹಿಮದ ಸಾಲನ್ನೇ ನೋಡುವುದು, ಮೊಯ್ನೋಕ್, ಈಗ ಅಲ್ಲಿ ಹುಲ್ಲು ಮೊಳಕಾಲು ಮುಟ್ಟಿರುತ್ತೆ ಅನ್ನುವುದು. ಮುಂದಿನ ವರ್ಷ ಹೋಗಲೇಬೇಕು, ಅವಳಿಗೆ ಲೆಕ್ಕ ಒಪ್ಪಿಸಬೇಕು ಅನ್ನುವುದು. ಅವಳು ಅಂದರೆ ಅತ್ತೆ.

ಆ ವರ್ಷ ಚಳಿ ಶುರುವಾಗುವಾಗ ಎಂದಿನಂತೆ ಚಳಿಗಾಲದ ಮಾಂಸಕ್ಕೆ ಒಂದು ಕುರಿ ಕಡಿದರು. ಒಳಗಿನದನ್ನೆಲ್ಲ ತೊಳೆಯುವುದು ಸೊಸೆಯ ಕೆಲಸ. ಅನ್ನನಾಳವನ್ನು ತೊಳೆಯುವ ಗೋಜಿಲ್ಲ, ಅದು ನಾಯಿಯ ಪಾಲು, ಹಸಿಯಾಗಿಯೇ ಎಸೆಯುವುದು ಅಜ್ಜಂದಿರ ಕಾಲದ ರೂಢಿ. ಎಸೆಯಲು ಕೈ ಎತ್ತಿದವಳು ನೋಡಿದಳು: ನಾಳದ ಉದ್ದಕ್ಕೂ ಬೆಂದ ಅಕ್ಕಿಯಂಥ ಬಿಳಿಯ ಕಾಳು ಅಂಟಿಕೊಂಡಿವೆ. ಉಗುರಿನಲ್ಲಿ ಕೆರೆದರೂ ಬರಲಿಲ್ಲ; ಮಾಂಸದೊಳಗೇ ಹೊಕ್ಕಿದ್ದವು. ಗಂಡನಿಗೆ, ಏನೂಂದ್ರೆ, ಇದರಲ್ಲಿ ಬಿಳಿಕಾಳು ಇದೆ ಅಂದಳು. ಶಾರ್ಶೆನ್ ಚಾಕು ಮಸೆಯುತ್ತಿದ್ದವನು ತಲೆ ಎತ್ತದೆ, ಅದು ಹೊಟ್ಟೆ ತುಂಬ ಉಂಡು ಸತ್ತಿದೆ ಬಿಡು ಅಂದ. ಮೊಯ್ನೋಕ್ ಅರ್ಧ ತಿಂದಿತು, ಉಳಿದರ್ಧವನ್ನು ಬೆಕ್ಕು ಹುಲ್ಲಿನ ಮೆದೆಯ ಮೇಲಕ್ಕೆ ಎಳೆದುಕೊಂಡು ಹೋಯಿತು. ಎರಡೂ ಚಳಿಗಾಲವೆಲ್ಲ ಆ ಮೆದೆಯ ಮೇಲೇ ಮಲಗಿದವು.

ವಸಂತ ಬಂತು. ಕುರಿಗಳು ಸೊರಗಿದವು. ಉಣ್ಣೆ ಕೈಗೆ ಸಿಕ್ಕಿದ ಹಾಗೆ ಕಿತ್ತು ಬರುತ್ತಿತ್ತು, ಬೇಲಿ ಮುಳ್ಳಿನ ಮೇಲೆಲ್ಲ ಉಣ್ಣೆ. ಕೆಲವು ದಿನ ತುಂಬುವ ಮೊದಲೇ ಕಂದು ಹಾಕಿದವು. ಹುಟ್ಟಿದ ಮರಿಗಳಲ್ಲಿ ಕೆಲವಕ್ಕೆ ಗಂಟಲ ಕೆಳಗೆ ಮೊಟ್ಟೆಯಷ್ಟು ದಪ್ಪದ ಗಂಟು. ಮಾವ ಊರುಗೋಲು ಬಿಟ್ಟು ನಡೆಯುವುದನ್ನು ಕಲಿಯುತ್ತಿದ್ದ. ಮಾವನ ಕಾಲು ಗಟ್ಟಿಯಾಗುತ್ತ ಬಂದ ಹಾಗೆ ಕುರಿಗಳ ಕಾಲು ಸೋಲುತ್ತ ಬಂದವು. ಉಚ್-ಬೆಲ್ ಹತ್ತಲು ಗಟ್ಟಿ ಕುರಿಯೇ ಏದುಸಿರು ಬಿಡುತ್ತದೆ. ಇವು ಹತ್ತಲಾರವೆಂದು ಊರವರಿಗೆಲ್ಲ ಕಾಣುತ್ತಿತ್ತು. ಮಾವನಿಗೂ ಕಾಣುತ್ತಿತ್ತು. ಆದರೂ ಜೀನಿನ ಪಟ್ಟಿಗಳಿಗೆ ಕೊಬ್ಬು ಸವರುತ್ತ ಕೂತಿರುತ್ತಿದ್ದ.

ದನಗಳ ಡಾಕ್ಟರು ಎಸೆನ್‌ಗುಲ್ ಸುತ್ತಲಿನ ಊರಿಗೆಲ್ಲ ಒಬ್ಬನೇ. ಸಂಬಳ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕರೆದವರ ಮನೆಗೆ ತನ್ನ ಮುದಿ ಕುದುರೆಯ ಮೇಲೆ ಬರುತ್ತಿದ್ದ. ಮರಿಗಳ ಕುತ್ತಿಗೆ ಮುಟ್ಟಿದವನೇ ಇದು ಗಳಗಂಡ ಅಂದ. ಬೆಟ್ಟದ ಉಪ್ಪಿನಲ್ಲಿ ಅಯೋಡಿನ್ ಇಲ್ಲ, ಅದಿಲ್ಲದಿದ್ದರೆ ಗಂಟಲಲ್ಲಿರುವ ಥೈರಾಯ್ಡ್ ಗ್ರಂಥಿ ತನ್ನ ರಸ ಮಾಡಲಾರದು, ಆ ರಸವಿಲ್ಲದಿದ್ದರೆ ಮೈಗೆ ಕಾವಿಲ್ಲ, ಕಸುವಿಲ್ಲ ಎಂದು ಉಪ್ಪಿನ ವಿಷಯವನ್ನು ಬಹಳ ಹೊತ್ತು ಹೇಳಿದ. ಗಂಟಲು ಗಂಟಲು ಎಂದು ಅವನು ಹೇಳಿದಾಗಲೆಲ್ಲ, ಚಹಾ ಸೋಸುತ್ತಿದ್ದ ಸೈರಾಕಾನ್ ತಲೆದೂಗಿದಳು. ಗಂಟಲಲ್ಲೇ ತಾನೇ ಅವಳೂ ಕಂಡದ್ದು. ಕೊನೆಗೆ ಅವನು ಕೇಳಿದ:

“ಅತ್ತಿಗೆ, ಚಳಿಗಾಲದಲ್ಲಿ ಕುರಿ ಕಡಿದ್ರಲ್ಲ, ಒಳಗೆ ಏನಾದ್ರೂ ಕಂಡಿತ್ತಾ?”

“ಗಂಟಲ ನಾಳದ ತುಂಬ ಬಿಳಿಕಾಳು ಇತ್ತು.”

“ಹಾಂ. ಒಳ್ಳೇದಾಯ್ತು. ನೆಕ್ಕೋಕಾದ್ರೂ ನೆಕ್ಕಿದೆ. ಆದರೆ ಬೆಟ್ಟದ್ದು ಅಲ್ವಾ, ಅದರಲ್ಲಿ ಸತ್ವ ಇಲ್ಲ.”

ಉಪ್ಪಿನ ಮಾತು ಮುಗಿಸಿ ಕೂತವನ ಕಿವಿಗೆ ಬಿಳಿಕಾಳು ಉಪ್ಪಾಗಿಯೇ ಬಿತ್ತು. ಮಾವ ಹೊರಗೆ ಕುರಿ ಹಿಡಿದುಕೊಂಡಿದ್ದ, ಶಾರ್ಶೆನ್ ಮೇವಿಗೆ ಹೋಗಿದ್ದ. ಅದು ಹಾಗಲ್ಲ ಅನ್ನುವವರು ಯಾರೂ ಇರಲಿಲ್ಲ. ಡಾಕ್ಟರಿಗೆ ಗೊತ್ತಾಯಿತಲ್ಲ ಎಂದು ಸೈರಾಕಾನ್ ನೆಮ್ಮದಿಯಿಂದ ಚಹಾ ಬಗ್ಗಿಸಿದಳು.

ಆ ದಿನಗಳಲ್ಲೇ ರಾಜಧಾನಿಯ ಡಾಕ್ಟರುಗಳು ಹೆಂಗಸರ ಗಂಟಲು ನೋಡಲು ಊರ ಶಾಲೆಗೆ ಬಂದರು. ಈ ಬೆಟ್ಟದಲ್ಲಿ ಗಳಗಂಡ ಹೆಂಗಸರಿಗೂ ಬಿಟ್ಟದ್ದಲ್ಲ. ಸಾಲಾಗಿ ನಿಲ್ಲಿಸಿ, ಕುತ್ತಿಗೆ ಮುಟ್ಟಿ, ರಕ್ತ ತೆಗೆದು ಸಣ್ಣ ಸಣ್ಣ ಸೀಸೆಗೆ ಹಾಕಿಕೊಂಡರು. ಎಸೆನ್‌ಗುಲ್‌ಗೆ ಒಂದು ಯೋಚನೆ ಹೊಳೆಯಿತು. ಕುರಿಯ ರಕ್ತ ನೋಡುವವರು ಈಗ ಎಲ್ಲಿದ್ದಾರೆ? ಸೊರಗಿದ ಎರಡು ಕುರಿಯ ರಕ್ತ ತೆಗೆದು ಆ ಸೀಸೆಗಳ ಮಧ್ಯೆ ಸೇರಿಸಿಬಿಟ್ಟ. ಸೀಸೆಗೆ ಹೆಸರು ಬೇಕಲ್ಲ ಎಂದು ಸೈರಾಕಾನ್‌ಳನ್ನು ಕೇಳಿದ. ಇವಳು ಕುರಿಗಳನ್ನು ಕರೆಯುತ್ತಿದ್ದ ಹೆಸರನ್ನೇ ಹೇಳಿದಳು: ಒಂದು ಕಾರಾಬಾಶ್, ಅಂದರೆ ಕರೀತಲೆ, ಇನ್ನೊಂದು ಚುನಾಕ್, ಅಂದರೆ ಮೋಟುಕಿವಿ.

ಸ್ವಲ್ಪ ದಿನದಲ್ಲಿ ರಾಜಧಾನಿಯಿಂದ ಊರ ನರ್ಸಿಗೆ ಫೋನು ಬಂತು. ಕಾರಾಬಾಶ್ ಮತ್ತು ಚುನಾಕ್ ಎಂಬ ಇಬ್ಬರು ಹೆಂಗಸರನ್ನು ತಡಮಾಡದೆ ಕರೆತನ್ನಿ, ಇಷ್ಟು ಕಡಿಮೆ ಥೈರಾಯ್ಡ್ ರಸದಲ್ಲಿ ಅವರು ಓಡಾಡಿಕೊಂಡಿರುವುದೇ ಆಶ್ಚರ್ಯ ಎಂದು. ಶಾರ್ಶೆನ್ ಅಂದ, ನಾಲ್ಕು ಕಾಲಿದೆ, ಅದಕ್ಕೇ ಓಡಾಡ್ತಿದ್ದಾರೆ ಅಂತ ಹೇಳಿ. ಊರೆಲ್ಲ ನಕ್ಕಿತು. ಮಾವ ಮಾತ್ರ ನಾಯಿಗೆ, ಮೊಯ್ನೋಕ್, ಕಾರಾಬಾಶ್‌ಗೆ ರಾಜಧಾನಿಯಿಂದ ಬುಲಾವ್ ಬಂತು, ನಮಗೆ ಕೋಕ್-ಆಲಾದಿಂದ ಯಾವಾಗ ಬರುತ್ತೋ ಕೇಳು ಅಂದ.

ರಸ ಕಡಿಮೆ ಎಂದು ಗೊತ್ತಾದ ಮೇಲೆ ಎಸೆನ್‌ಗುಲ್ ಎಲ್ಲಿಂದಲೋ ಅಯೋಡಿನ್ ಬೆರೆಸಿದ ಉಪ್ಪು ಹೊಂದಿಸಿ ತಂದ. ದಿನಾ ಬೆಳಗ್ಗೆ ಸೈರಾಕಾನ್ ಅದನ್ನು ಚಪ್ಪಟೆ ಕಲ್ಲುಗಳ ಮೇಲೆ ಹರಡಿದಳು. ಮರಿಗಳ ಗಂಟು ಇಳಿಯಿತು, ಅವು ಕುಣಿಯತೊಡಗಿದವು. ತಾಯಿಕುರಿಗಳು ಹಾಗೇ ಉಳಿದವು. ಕಲ್ಲು ನೆಕ್ಕುತ್ತಿದ್ದವು, ಮೇಯುತ್ತಿದ್ದವು, ಮೈಗೆ ಮಾತ್ರ ಏನೂ ಹತ್ತುತ್ತಿರಲಿಲ್ಲ. ಉಚ್-ಬೆಲ್ ಮೇಲಿನ ಹಿಮ ತೇಪೆ ತೇಪೆಯಾಗಿ ಕರಗಿತು. ಪಕ್ಕದ ಮನೆಯವರು ಗುಡಾರದ ಕಂಬಳಿ ಬಿಸಿಲಿಗೆ ಹಾಕಿ ಕೊಡವಿದರು. ಮಾವ ಬೆಳಗ್ಗೆ ಎದ್ದು ಕುದುರೆಗೆ ಜೀನು ಬಿಗಿಯುವನು, ಮಧ್ಯಾಹ್ನ ಬಿಚ್ಚುವನು.

ಪಕ್ಕದವರು ಹೊರಟುಹೋದ ಮೇಲೆ ಒಂದು ದಿನ ಕಾರಾಬಾಶ್ ಬಿದ್ದುಕೊಂಡಿತು, ಏಳಲಿಲ್ಲ. ಕಡಿಯದೆ ವಿಧಿಯಿರಲಿಲ್ಲ. ಎಸೆನ್‌ಗುಲ್ ಬಂದ. ಥೈರಾಯ್ಡ್ ರಸ ಯಾಕೆ ಏರುತ್ತಿಲ್ಲ ಎಂದು ಅವನಿಗೂ ತಲೆ ಕೆಟ್ಟಿತ್ತು. ಗಂಟಲ ಗ್ರಂಥಿಯನ್ನು ಕೊಯ್ದು ನೋಡಿದ, ಅದರಲ್ಲಿ ಅಂಥ ತೊಂದರೆ ಕಾಣಲಿಲ್ಲ. ಕೈ ತೊಳೆದು, ಒಳಗೆ ಬಂದು ಮಾವನ ಪಕ್ಕದಲ್ಲಿ ಸಪ್ಪೆ ಮುಖ ಹಾಕಿಕೊಂಡು ಕೂತ. ಮೊಯ್ನೋಕ್ ಹೊಸ್ತಿಲ ಹೊರಗೆ ಮೂತಿ ಚಾಚಿ ಮಲಗಿತ್ತು.

ಸೈರಾಕಾನ್ ಅಂಗಳದಲ್ಲಿ ಬೋಗುಣಿಯ ಮುಂದೆ ಕೂತಿದ್ದಳು. ಕೈಗೆ ಅನ್ನನಾಳ ಬಂತು. ಮತ್ತೆ ಅದೇ. ಈ ಸಲ ಇನ್ನೂ ಹೆಚ್ಚು. ಇಷ್ಟು ಔಷಧಿ ಮಾಡಿದರೂ ಇದು ಹೋಗಿಲ್ಲವಲ್ಲ ಎಂದು ಅವಳಿಗೆ ಕಸಿವಿಸಿಯಾಯಿತು. ಹಾಗೇ ಹಿಡಿದುಕೊಂಡು ಬಾಗಿಲಿಗೆ ಬಂದಳು.

“ಡಾಕ್ಟ್ರೇ, ನೀವು ಹೇಳಿದ್ದೆಲ್ಲ ಹಾಕಿದ್ವಿ. ಗಂಟಲಲ್ಲಿ ಬಿಳಿಕಾಳು ಹಾಗೇ ಇದೆ.”

“ಇರ್ಲಿ ಬಿಡಿ ಅತ್ತಿಗೆ. ಉಪ್ಪು ಇದ್ದಷ್ಟೂ ಒಳ್ಳೇದು.”

ಸೈರಾಕಾನ್ ಅಲ್ಲೇ ನಿಂತಳು. ಉಪ್ಪು. ಬಹಳ ಹಿಂದಿನ ಆ ಚೀಲ ಅವಳ ಕಣ್ಣ ಮುಂದೆ ಬಾಯಿ ಬಿಚ್ಚಿತು. ಅಂದರೆ ವಸಂತದ ಮೊದಲಿನಿಂದ ಈ ಮನುಷ್ಯ ಉಪ್ಪು ಎಂದೇ ಕೇಳಿಸಿಕೊಂಡಿದ್ದಾನೆ. ಉಪ್ಪಲ್ಲ, ಪಲಾವಿಗೆ ಹಾಕ್ತೀವಲ್ಲ ಅದು ಅನ್ನಬಹುದಿತ್ತು. ಕೈಯಲ್ಲಿದ್ದುದನ್ನು ಅವನ ಮುಂದೆ ಹಿಡಿಯಬಹುದಿತ್ತು. ಹಾಗೆ ಮಾಡಬಹುದಿತ್ತಲ್ಲ ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದಾಳೆ. ಆ ಗಳಿಗೆಯಲ್ಲಿ ಮಾವ ಬಿಗಿದು ಬಿಗಿದು ಬಿಚ್ಚಿದ ಜೀನು ಗೋಡೆಯ ಮೇಲೆ ಕಂಡಿತು, ಬಾಯಿಂದ ಮಾತು ಜಾರಿತು.

“ಉಪ್ಪಲ್ಲ. ಕುರುಚ್.”

ಮಾವನ ಕೈಯಲ್ಲಿದ್ದ ಚಹಾ ಬಟ್ಟಲು ತುಟಿಯ ಹತ್ತಿರವೇ ನಿಂತಿತು. ಸೈರಾಕಾನ್ ಮುಸುಕಿನ ಸೆರಗು ಬಾಯಿಗೆ ಒತ್ತಿಕೊಂಡಳು. ಶಾರ್ಶೆನ್ ನೆಲ ನೋಡಿದ. ಎಸೆನ್‌ಗುಲ್ ಒಬ್ಬನೇ ಎದ್ದು ಬಂದು ಅವಳ ಕೈಯಿಂದ ಅದನ್ನು ತೆಗೆದುಕೊಂಡು ಬೆಳಕಿಗೆ ಹೋದ.

ಮಾವ ಕೆಮ್ಮಿದ. ಬಟ್ಟಲು ಕೆಳಗಿಟ್ಟು ಹೊಸ್ತಿಲ ಕಡೆಗೆ ತಿರುಗಿದ.

“ಮೊಯ್ನೋಕ್, ಯಾರೋ ನನ್ನ ಕರೆದರು. ಇಲ್ಲೇ ಇದ್ದೀನಿ ಅಂತ ಹೇಳು.”

ಎಸೆನ್‌ಗುಲ್ ಹಿಂತಿರುಗಿದಾಗ ಅವನ ಮುಖ ಬೇರೆಯಾಗಿತ್ತು. ಅತ್ತಿಗೆಯ ಬಿಳಿಕಾಳಿಗೂ ತನ್ನ ಉಪ್ಪಿಗೂ ಇದ್ದ ಅಂತರ ತಿಳಿದು, ಹಣೆ ಚಚ್ಚಿಕೊಂಡು, ನಕ್ಕು, ಆಮೇಲೆ ಮಾವನನ್ನು ಆತಾ, ಅಂದರೆ ಅಪ್ಪ, ಎಂದು ಕರೆದು ಮೆತ್ತಗೆ ಹೇಳಿದ:

“ಆತಾ, ಇಲ್ಲಿ ರೋಗ ಎರಡಿತ್ತು. ಮರಿಗಳದ್ದು ಉಪ್ಪಿನ ಕೊರತೆ, ಅದು ಹೋಯ್ತು. ತಾಯಿಕುರಿಗಳದ್ದು ಇದು, ಮಾಂಸದೊಳಗೆ ಮನೆ ಮಾಡಿರೋ ಹುಳ. ಕಣ್ಣಿಗೆ ಕಾಣೋ ಈ ದಪ್ಪ ಕಾಳು ಬೆಕ್ಕಿಂದ ಬರೋದು, ಅದು ಅಷ್ಟು ಕಾಡಲ್ಲ. ಇದಿದ್ದ ಕಡೆ ಕಣ್ಣಿಗೆ ಕಾಣದ ಸಣ್ಣವೂ ಇರುತ್ತೆ, ಅದು ನಾಯಿಯಿಂದ. ಸೊರಗಿಸೋದು ಅದೇ. ಹಸೀ ಮಾಂಸ ತಿಂದು ಇವು ಹುಲ್ಲಿನ ಮೇಲೆ ಗಲೀಜು ಮಾಡ್ತವೆ, ಆ ಹುಲ್ಲು ಕುರಿ ತಿನ್ನುತ್ತೆ. ಮೈ ಒಳಗೊಳಗೇ ಸೋತಾಗ ಗಂಟಲ ಗ್ರಂಥಿ ಒಲೆ ತಗ್ಗಿಸಿಬಿಡುತ್ತೆ, ಬೆರಣಿ ಉಳಿಸೋಕೆ. ನಾನು ಒಲೆ ತಣ್ಣಗಿದೆ ಅಂತ ಒಲೆಗೇ ಔಷಧಿ ಹಾಕ್ತಾ ಕೂತಿದ್ದೆ.”

ಮಾವ ಒಂದೇ ಮಾತು ಕೇಳಿದ, ಕಣಿವೆ ಹತ್ತುತ್ತವಾ ಎಂದು. ಈ ಕಾಳು ತೆಗೆಯುವ ಔಷಧಿ ಇ‍ಲ್ಲ, ಒಳ್ಳೆ ಮೇವು ಹಾಕಿ, ದಣಿಸದೆ ನೋಡಿಕೊಂಡರೆ ಬರುವ ವರ್ಷಕ್ಕೆ ಮೈದುಂಬಿಕೊಳ್ಳುತ್ತವೆ ಎಂದ ಎಸೆನ್‌ಗುಲ್. ಮಾವ ಎದ್ದು ಹೋಗಿ ಜೀನನ್ನು ಗೋಡೆಯಿಂದ ತೆಗೆದು, ಚೀಲ ಹೊದಿಸಿ, ಉಗ್ರಾಣದಲ್ಲಿಟ್ಟು ಬಂದ.

ಕುರಿ ಇಲ್ಲದಿದ್ದರೇನು, ಕುದುರೆ ಮೇಲೆ ನಿಧಾನವಾಗಿ ಕರೆದುಕೊಂಡು ಹೋಗುತ್ತೇನೆ ಎಂದು ಶಾರ್ಶೆನ್ ಬೇಡಿಕೊಂಡ. ಬರಿಗೈಲಿ ಹೋದ್ರೆ ನಿಮ್ಮಮ್ಮ ಕುರಿ ಎಲ್ಲಿ ಅಂತ ಕೇಳ್ತಾಳೆ, ಏನು ಹೇಳ್ಲಿ ಅಂದ ಮಾವ. ಆ ಬೇಸಿಗೆ ಎಲ್ಲರೂ ಊರಿನಲ್ಲೇ ಉಳಿದರು. ಹಳೆಯ ಮೆದೆಯನ್ನು ಸುಟ್ಟರು. ಬೆಕ್ಕನ್ನು ಹೊಳೆಯಾಚೆಯ ಗಿರಣಿಯವರು ಇಲಿ ಹಿಡಿಯಲು ಒಯ್ದರು. ಮೊಯ್ನೋಕನ್ನು ಕುರಿಗಳಿಂದ, ಮೇವಿನಿಂದ ದೂರ, ತೋಟದ ಕೊನೆಯ ಪಾಪ್ಲರ್ ಮರಕ್ಕೆ ಕಟ್ಟಿದರು. ಅದಕ್ಕೆ ಹಾಕುವುದನ್ನೆಲ್ಲ ಚೆನ್ನಾಗಿ ಬೇಯಿಸಿ ಹಾಕುವುದಾಯಿತು.

ನಾಯಿ ದೂರವಾದದ್ದು ಮಾವ ಸೊಸೆಗೆ ಪೇಚಾಯಿತು. ಪಕ್ಕದಲ್ಲೇ ಹಾಲು ಕಾಯಿಸುತ್ತಿದ್ದವಳಿಗೆ ಹೇಳಬೇಕಾದ್ದನ್ನು ಮಾವ ತೋಟದ ಕೊನೆಯವರೆಗೆ ಕೂಗಿ ಹೇಳಬೇಕಾಯಿತು. ಮೊಯ್ನೋಕ್, ಹಾಲು ಉಕ್ಕುತ್ತೆ ಅಂತ ಹೇಳು ಎಂದು ಅವನು ಕೂಗುವುದರೊಳಗೆ ಹಾಲು ಉಕ್ಕಿರುತ್ತಿತ್ತು. ಮೊಯ್ನೋಕ್ ಅಲ್ಲಿಂದ ಬೊಗಳುತ್ತಿತ್ತು. ದಾರಿಯಲ್ಲಿ ಹೋಗುವವರು ಮುದುಕನಿಗೆ ಮರುಳು ಹಿಡಿಯಿತೆಂದುಕೊಂಡರು. ಆ ಬೇಸಿಗೆ ಅವರು ನಕ್ಕಷ್ಟು ಯಾವತ್ತೂ ನಕ್ಕಿರಲಿಲ್ಲ. ನಕ್ಕು ಮುಗಿದ ಮೇಲೆ ಮಾವನ ಕಣ್ಣು ಮಾತ್ರ ಮತ್ತೆ ಹಿಮದ ಸಾಲಿಗೇ ಹೋಗುತ್ತಿತ್ತು.

ಹುಲ್ಲು ಹಳದಿಯಾಗುವ ಹೊತ್ತಿಗೆ ಮಾವನ ದನಿ ಇಳಿಯಿತು, ತೋಟದ ಕೊನೆಗೆ ಮುಟ್ಟುತ್ತಿರಲಿಲ್ಲ. ಮೇಲಿಂದ ಇಳಿದು ಬಂದ ಪಕ್ಕದವರು ಒಂದು ತೊಗಲಿನ ಚೀಲ ಕಿಮಿಜ್ ಕೊಟ್ಟಿದ್ದರು, ಕೋಕ್-ಆಲಾದ ಕುದುರೆ ಹಾಲಿನದು. ಮಾವ ಒಂದು ಗುಟುಕು ಕುಡಿದು, ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಕೂತಿದ್ದ. ಆಮೇಲೆ ಮೊದಲ ಸಲ ಸೊಸೆಯ ಕಡೆಗೇ ತಿರುಗಿದ.

“ಸೈರಾಕಾನ್, ನಾಯಿ ದೂರ ಇದೆ. ನಿನಗೇ ಹೇಳ್ತೀನಿ. ನಮ್ಮಮ್ಮ ಸತ್ತ ಮೇಲೆ ಈ ಮನೇಲಿ ಯಾರೂ ಆ ಹೆಸರು ಎತ್ತಿರಲಿಲ್ಲ. ಎಲ್ಲರಿಗೂ ನಾನು ದೊಡ್ಡವನೇ. ಅವತ್ತು ನಿನ್ನ ಬಾಯಲ್ಲಿ ಕೇಳಿದಾಗ ಸುಖವಾಯ್ತು ಕಣವ್ವ. ಇನ್ನೊಂದ್ಸಲ ಕರೀತೀಯಾ?”

ಸೈರಾಕಾನ್ ಬಾಯಿ ತೆರೆದಳು. ಗಂಟಲವರೆಗೂ ಬಂತು.

“ಬಟ್ಟಲು ಕೊಡಿ ಆತಾ, ಇನ್ನಷ್ಟು ಹಾಕ್ತೀನಿ” ಅಂದಳು.

ಮಾವ ನಕ್ಕು ಬಟ್ಟಲು ಮುಂದೆ ಹಿಡಿದ. ಊರಿನಲ್ಲಿ ಮೊದಲ ಹಿಮ ಬೀಳುವ ಮುಂಚೆ ತೀರಿಕೊಂಡ. ಊರ ಮೇಲಿನ ದಿಬ್ಬದಲ್ಲಿ ಮಣ್ಣು ಮಾಡಿದರು. ಆ ಹೊತ್ತಿಗೆ ಮೇಲೆ ಹಿಮ ಬಿದ್ದು ಕಣಿವೆ ಮುಚ್ಚಿತ್ತು, ಅತ್ತೆಯ ಪಕ್ಕಕ್ಕೆ ಒಯ್ಯಲು ಆಗಲಿಲ್ಲ.

ಮರುವರ್ಷ ಕುರಿಗಳು ಮೈದುಂಬಿಕೊಂಡು ಉಚ್-ಬೆಲ್ ಹತ್ತಿದವು. ಚುನಾಕ್ ಎಲ್ಲಕ್ಕಿಂತ ಮುಂದೆ. ಶಾರ್ಶೆನ್ ಅವನ್ನು ಅಮ್ಮನ ಗೋರಿಯ ಪಕ್ಕದಲ್ಲೇ ಹಾಯಿಸಿದ. ಗುಡಾರ ಹಾಕಿ, ಸಂಜೆ ಹಾಲು ಕರೆದು ಮುಗಿದ ಮೇಲೆ ಸೈರಾಕಾನ್ ಒಬ್ಬಳೇ ಗೋರಿಯ ಹತ್ತಿರ ಹೋದಳು. ಸುತ್ತ ಯಾರೂ ಇರಲಿಲ್ಲ. ಇಲ್ಲಾದರೂ ಒಂದು ಸಲ ಕರೆದುಬಿಡಬೇಕು, ಹೆಸರಾದರೂ ಈ ಹುಲ್ಲಿನ ಮೇಲೆ ಬೀಳಲಿ ಎಂದುಕೊಂಡು ಬಂದಿದ್ದಳು. ನಿಂತಳು. ಗಾಳಿ ಬೀಸಿತು. ಬರಲಿಲ್ಲ. ಅತ್ತೇ, ದೊಡ್ಡವರು ಊರಲ್ಲೇ ಉಳಿದ್ರು, ಕುರಿ ಎಲ್ಲ ಬಂದಿದ್ದಾವೆ ಎಂದಷ್ಟೇ ಹೇಳಿ ಹಿಂದಿರುಗಿದಳು. ಆ ರಾತ್ರಿ ಎಂದಲ್ಲ, ಆ ಬೇಸಿಗೆಯೆಲ್ಲ, ಗುಡಾರದ ಕಂಬಳಿ ಬಾಗಿಲು ಗಾಳಿಗೆ ಅಲುಗಿದರೆ ಕೆಮ್ಮು ಕೇಳಿಸೀತೆಂದು ಅವಳ ಕಿವಿ ಕಾಯುತ್ತಿತ್ತು.

ಈಗ ಸೈರಾಕಾನ್ ತಾನೇ ಅತ್ತೆ. ಶಾರ್ಶೆನ್‌ಗೆ ಕಿವಿ ಮಂದ. ಸೊಸೆ ಜಿಬೆಕ್ ಪೇಟೆಯಲ್ಲಿ ಓದಿದವಳು, ಅತ್ತೆಯನ್ನು ಅಪಾ, ಅಂದರೆ ಅಮ್ಮ, ಅನ್ನುವವಳು; ಮಾವನಿಗೆ ಕೇಳಲಿ ಎಂದು ‘ಶಾರ್ಶೆನ್ ಆತಾ’ ಎಂದು ಹೆಸರು ಹಿಡಿದು ಊರಿಗೆಲ್ಲ ಕೇಳುವಂತೆ ಕೂಗುತ್ತಾಳೆ. ಸೈರಾಕಾನ್‌ಗೆ ಅದರಿಂದ ಬೇಸರವಿಲ್ಲ. ಒಂದೊಂದು ಸಲ ಕೆಲಸ ನಿಲ್ಲಿಸಿ ಕೇಳಿಸಿಕೊಳ್ಳುತ್ತಾಳೆ, ಶಾರ್ಶೆನ್ ಓಗೊಡುವುದನ್ನೂ ಕೇಳಿಸಿಕೊಳ್ಳುತ್ತಾಳೆ. ಕೇಳುವವರು ಯಾರಿದ್ದಾರೆ ಅಪಾ, ನೀವೂ ಈಗ ಆ ಮಾತು ಆಡಬಹುದಲ್ಲ ಎಂದು ಜಿಬೆಕ್ ಹೊಸತರಲ್ಲಿ ಕೆಣಕುತ್ತಿದ್ದಳು. ಆಡಬಹುದು, ಬಾಯಿ ಕೇಳಬೇಕಲ್ಲ ಅನ್ನುತ್ತಿದ್ದಳು ಅತ್ತೆ.

ಇವತ್ತು ದೊಡ್ಡವರ ಹೆಸರಿನಲ್ಲಿ ಊರವರಿಗೆ ಪಲಾವು. ಬೆಳಗ್ಗೆ ಕುರಿ ಕಡಿದಾಗಿದೆ. ಅನ್ನನಾಳದಲ್ಲಿ ಏನೂ ಇರಲಿಲ್ಲ, ಆದರೂ ಅದನ್ನು ಹಳೆಯ ಡಬ್ಬದಲ್ಲಿ ಬೇಯಲಿಟ್ಟಿದ್ದಾಳೆ. ಮೊಯ್ನೋಕ್, ಆ ಹೆಸರಿನ ಎಷ್ಟನೆಯದೋ, ದೂರದಲ್ಲಿ ಕೂತು ಡಬ್ಬವನ್ನೇ ನೋಡುತ್ತಿದೆ. ಕಡಾಯಿಯ ಹತ್ತಿರದಿಂದ ಜಿಬೆಕ್ ಕೇಳಿದಳು:

“ಅಪಾ, ಬಿಳಿಕಾಳು ಎಷ್ಟು ಬಟ್ಟಲು ಹಾಕ್ಲಿ?”

ಸೈರಾಕಾನ್ ತಲೆ ಎತ್ತಿ ಸೊಸೆಯನ್ನು ನೋಡಿದಳು. ಜಿಬೆಕ್ ಕ್ಯಾರೆಟ್ಟು ತಿರುವುತ್ತಿದ್ದಳು, ತಾನೇನು ಅಂದೆ ಎಂಬ ಗಮನವೂ ಅವಳಿಗಿದ್ದಂತಿರಲಿಲ್ಲ.

“ತಡಿಯವ್ವ, ಇನ್ನೂ ಕಲ್ಲು ಆರಿಸಿಲ್ಲ” ಅಂದಳು. ಬಿಳೀ ಬಟ್ಟೆ ಹಾಸಿ ಚೀಲದಿಂದ ಅಕ್ಕಿ ಸುರಿದು, ಕಿಟಕಿಯ ಬೆಳಕಿಗೆ ತಿರುಗಿ ಕೂತಳು. ಹಿಡಿ ಹಿಡಿಯಾಗಿ ಈಚೆಗೆ ಎಳೆದುಕೊಂಡು, ಕಲ್ಲು, ಹೊಟ್ಟು, ಕರಿಯ ಕಾಳು ಆರಿಸಿ ಪಕ್ಕಕ್ಕಿಟ್ಟಳು. ಆರಿಸಿದ್ದನ್ನು ಬೋಗುಣಿಗೆ ಹಾಕಿ, ನೀರು ಹೊಯ್ದು, ಅಂಗೈಯಲ್ಲಿ ಮೆಲ್ಲಗೆ ಉಜ್ಜಿ, ಹಾಲಿನಂಥ ನೀರನ್ನು ಬಗ್ಗಿಸಿ ಚೆಲ್ಲಿದಳು. ಇನ್ನೊಮ್ಮೆ ನೀರು ಹೊಯ್ದಳು.